ಎರಡೂ ಟ್ಯೂಬ್ ಬ್ಲಾಕ್ ಎಂದರು: ಐವಿಎಫ್‌ಗೆ ಮೊದಲು ಮುಂಬೈಯಲ್ಲಿ ನೀವು ಕೇಳಬೇಕಾದ ಪ್ರಶ್ನೆಗಳು

ಎಚ್‌ಎಸ್‌ಜಿ ವರದಿಯ ಕೊನೆಯ ಸಾಲಿನಲ್ಲಿ ‘ಬೈಲ್ಯಾಟರಲ್ ಟ್ಯೂಬಲ್ ಬ್ಲಾಕ್’ ಎಂದಿದ್ದರೆ, ಎರಡೂ ಗರ್ಭನಾಳಗಳು ಮುಚ್ಚಿರುವಂತೆ ಎಕ್ಸ್‌ರೇಯಲ್ಲಿ ಕಂಡಿದೆ ಎಂದು ಅರ್ಥ. ಈ ಸಾಲು ಓದಿದ ದಿನದಿಂದ ಮನೆಯಲ್ಲಿ ಬೇರೆ ಮಾತಿರುವುದಿಲ್ಲ. ಪರಿಚಯದವರು ಯಾರೋ ಐವಿಎಫ್ ಕೇಂದ್ರದ ನಂಬರ್ ಕೊಡುತ್ತಾರೆ. ಅಲ್ಲಿಂದ ಫೋನ್ ಬರುತ್ತದೆ, ಪ್ಯಾಕೇಜ್ ಎಷ್ಟು, ಕಂತು ಎಷ್ಟು ಎಂಬ ಲೆಕ್ಕ ಶುರುವಾಗುತ್ತದೆ. ಡೊಂಬಿವಲಿ, ಮೀರಾರೋಡ್, ಚೆಂಬೂರು ಎಲ್ಲೇ ಇರಲಿ, ರೈಲು ನಿಲ್ದಾಣದಿಂದ ಹೊರಗೆ ಬಂದರೆ ಇಂಥ ಕೇಂದ್ರದ ಒಂದು ಫಲಕವಾದರೂ ಕಣ್ಣಿಗೆ ಬೀಳುವ ಕಾಲವಿದು.

ಐವಿಎಫ್ ತಪ್ಪು ದಾರಿ ಎಂದು ನಾವು ಹೇಳುತ್ತಿಲ್ಲ. ಅನೇಕರಿಗೆ ಅದೇ ಸರಿಯಾದ ದಾರಿ. ಆದರೆ ಒಂದು ಎಕ್ಸ್‌ರೇಯಿಂದ ನೇರವಾಗಿ ಅಲ್ಲಿಗೆ ಹೋಗುವ ಮೊದಲು ತಿಳಿಯಬೇಕಾದ್ದಿದೆ. ನಾಳ ನಿಜವಾಗಿಯೂ ಮುಚ್ಚಿದೆಯೇ? ಮುಚ್ಚಿದ್ದರೆ ಯಾವ ಜಾಗದಲ್ಲಿ? ಯಾಕೆ ಮುಚ್ಚಿತು? ಇದಕ್ಕೆ ಸಿಗುವ ಉತ್ತರದ ಮೇಲೆ ನಿಮಗೆ ಬೇಕಾದದ್ದು ಮತ್ತೊಂದು ಪರೀಕ್ಷೆಯೋ, ಸಣ್ಣ ಶಸ್ತ್ರಚಿಕಿತ್ಸೆಯೋ, ಆರು ತಿಂಗಳ ಕ್ಷಯದ ಮಾತ್ರೆಯೋ ಅಥವಾ ಐವಿಎಫ್ಫೋ ಎಂಬುದು ನಿಂತಿದೆ.

ಈ ವಿಷಯ ಈಗ ಯಾಕೆ?

ವಿಶ್ವ ಆರೋಗ್ಯ ಸಂಸ್ಥೆ 2025ರ ನವೆಂಬರ್ ಕೊನೆಯಲ್ಲಿ ಬಂಜೆತನದ ತಡೆ, ಪತ್ತೆ ಮತ್ತು ಚಿಕಿತ್ಸೆಯ ಬಗ್ಗೆ ತನ್ನ ಮೊದಲ ಜಾಗತಿಕ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 40 ಶಿಫಾರಸುಗಳಿವೆ. ಚಿಕಿತ್ಸೆಯ ಖರ್ಚು ಜನರ ಕೈಗೆಟುಕುವಂತಾಗಬೇಕು, ಸರ್ಕಾರಗಳು ಇದನ್ನು ತಮ್ಮ ಆರೋಗ್ಯ ಯೋಜನೆಗಳೊಳಗೆ ತರಬೇಕು ಎಂಬುದು ಅದರ ಮುಖ್ಯ ಮಾತು. ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರು ಜೀವನದ ಯಾವುದೋ ಹಂತದಲ್ಲಿ ಈ ಸಮಸ್ಯೆ ಎದುರಿಸುತ್ತಾರೆ ಎಂದು ಇದೇ ಸಂಸ್ಥೆ 2023ರಲ್ಲಿ ಲೆಕ್ಕ ಕೊಟ್ಟಿತ್ತು.

ಭಾರತದ ಖರ್ಚಿನ ಚಿತ್ರವನ್ನು ಕೊಟ್ಟದ್ದು ಮುಂಬೈಯ ಪರೇಲ್‌ನಲ್ಲೇ ಇರುವ ಸಂಸ್ಥೆ: ಐಸಿಎಂಆರ್‌ನ ರಾಷ್ಟ್ರೀಯ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆ. ಐವಿಎಫ್‌ನ ಒಂದು ಸುತ್ತಿಗೆ ದಂಪತಿಯ ಕೈಯಿಂದ ಸರ್ಕಾರಿ ಆಸ್ಪತ್ರೆಯಲ್ಲೇ ಒಂದು ಲಕ್ಷ ರೂಪಾಯಿಗೂ ಹೆಚ್ಚು, ಖಾಸಗಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೋಗುತ್ತದೆ ಎಂದು ಅದರ ಅಧ್ಯಯನ ತೋರಿಸಿತು. ಆಯುಷ್ಮಾನ್ ಭಾರತ ಯೋಜನೆಯಲ್ಲಿ ಒಂದು ಸುತ್ತಿಗೆ ಸುಮಾರು 81 ಸಾವಿರ ರೂಪಾಯಿಯ ಪ್ಯಾಕೇಜ್ ಇಡಬಹುದೆಂಬ ಸಲಹೆಯೂ ಅದರಲ್ಲಿತ್ತು. ಸದ್ಯಕ್ಕೆ ಆ ಯೋಜನೆಯ ಹೊರಗಿಟ್ಟ ಪಟ್ಟಿಯಲ್ಲಿ ಬಂಜೆತನದ ಚಿಕಿತ್ಸೆಯಿದೆ. ಖಾಸಗಿ ಆರೋಗ್ಯ ವಿಮೆಯ ಪಾಲಿಸಿಯಲ್ಲೂ ‘ಎಕ್ಸ್‌ಕ್ಲೂಷನ್ 17’ ಎಂಬ ಸಾಲು ಹುಡುಕಿ ನೋಡಿ. ಹೆಚ್ಚಿನವುಗಳಲ್ಲಿ ಇದು ಹೊರಗೇ ಇದೆ.

ಅಂದರೆ ತಪ್ಪು ಹೆಜ್ಜೆಯ ಬೆಲೆ ಪೂರ್ತಿ ನಿಮ್ಮದೇ. ಆದ್ದರಿಂದಲೇ ಆ ಒಂದು ಸಾಲನ್ನು ಸರಿಯಾಗಿ ಓದಿಸಿಕೊಳ್ಳುವುದು ಮುಖ್ಯ.

ನಾಳದ ಕೆಲಸ ಏನು?

ಗರ್ಭಕೋಶದ ಎರಡೂ ಬದಿಯಿಂದ ಹೊರಡುವ ಫೆಲೋಪಿಯನ್ ಟ್ಯೂಬುಗಳು ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ. ಗರ್ಭಕೋಶಕ್ಕೆ ಅಂಟಿದ ಕಡೆ ಒಳದಾರಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್, ಅಂಡಾಶಯದ ಕಡೆ ಬೆರಳುಗಳಂತೆ ಅಗಲವಾಗಿ ಬಿಡಿಸಿಕೊಂಡಿರುತ್ತದೆ. ಆ ಬೆರಳುಗಳೇ ಅಂಡವನ್ನು ಹಿಡಿದುಕೊಳ್ಳುವುದು. ವೀರ್ಯಾಣು ಮತ್ತು ಅಂಡ ಸೇರುವುದು ನಾಳದೊಳಗೆ. ಒಳಗಿನ ಸೂಕ್ಷ್ಮ ರೋಮಗಳು ಭ್ರೂಣವನ್ನು ಮೆಲ್ಲಗೆ ಗರ್ಭಕೋಶಕ್ಕೆ ತಳ್ಳುತ್ತವೆ. ಹಾಗಾಗಿ ನಾಳ ‘ತೆರೆದಿದೆ’ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಒಳಗೋಡೆ ಹಾಳಾಗಿದ್ದರೆ ಭ್ರೂಣ ನಾಳದಲ್ಲೇ ನಿಂತುಬಿಡುವ ಅಪಾಯವಿದೆ.

ಮಹಿಳೆಯರ ಬಂಜೆತನದ ಪ್ರಕರಣಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ನಾಳದ ತೊಂದರೆ ಕಾಣುತ್ತದೆ. ಗಂಡಸಿನ ಕಡೆಯ ಕಾರಣವೂ ಸೇರಿರುವ ದಂಪತಿಗಳು ಹೆಚ್ಚುಕಡಿಮೆ ಅರ್ಧದಷ್ಟು. ‘ಬಂಜೆ’ ಎಂಬ ಪದ ಹೆಂಗಸಿಗೆ ಮಾತ್ರ ಅಂಟಿಕೊಂಡು ಬಂದಿರುವುದು ನಮ್ಮ ಭಾಷೆಯ ದುರದೃಷ್ಟ. ವೈದ್ಯಕೀಯದಲ್ಲಿ ಅದು ದಂಪತಿಯ ಸಮಸ್ಯೆ. ಗಂಡನ ವೀರ್ಯ ಪರೀಕ್ಷೆ ನೋವಿಲ್ಲದ, ಅಗ್ಗದ ಪರೀಕ್ಷೆ. ಅದು ಆಗುವ ಮೊದಲೇ ಹೆಂಡತಿಯನ್ನು ಎಕ್ಸ್‌ರೇ ಟೇಬಲ್ ಮೇಲೆ ಮಲಗಿಸಿದ್ದರೆ ಕ್ರಮ ತಲೆಕೆಳಗಾಗಿದೆ.

ಬ್ಲಾಕ್ ನಿಜವೇ?

ಎಚ್‌ಎಸ್‌ಜಿಯಲ್ಲಿ ಗರ್ಭಕೋಶದ ಬಾಯಿಯ ಮೂಲಕ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಮುಟ್ಟು ಶುರುವಾದ ದಿನದಿಂದ ಲೆಕ್ಕ ಹಾಕಿ ಆರರಿಂದ ಹತ್ತನೇ ದಿನದೊಳಗೆ, ರಕ್ತ ನಿಂತ ಮೇಲೆ ಮಾಡುವುದು ರೂಢಿ. ಗರ್ಭ ಇಲ್ಲ ಎಂಬುದು ಖಚಿತವಾಗಿರಲಿ ಎಂದು ಅಲ್ಲಿಯವರೆಗೆ ಗಂಡ ಹೆಂಡತಿ ಸೇರಬಾರದು ಎನ್ನುತ್ತಾರೆ. ಐದು ಹತ್ತು ನಿಮಿಷದ ಕೆಲಸ. ಆದರೆ ಮುಟ್ಟಿನ ನೋವಿಗಿಂತ ಜೋರಾದ ಸೆಳೆತ ಕೆಲವರಿಗೆ ಬರುತ್ತದೆ. ನೋವಿನ ಮಾತ್ರೆ ಮೊದಲೇ ಕೊಡಿ ಎಂದು ಕೇಳಲು ಸಂಕೋಚ ಬೇಡ. ಆ ಸೆಳೆತವೇ ತಪ್ಪು ವರದಿಗೂ ಕಾರಣವಾಗಬಹುದು. ನೋವಿಗೆ, ಹೆದರಿಕೆಗೆ ಗರ್ಭಕೋಶದ ಸ್ನಾಯು ಬಿಗಿದುಕೊಂಡರೆ ನಾಳದ ಸಣ್ಣ ಬಾಯಿ ಮುಚ್ಚಿಕೊಳ್ಳುತ್ತದೆ, ಬಣ್ಣ ಒಳಗೆ ಹೋಗುವುದಿಲ್ಲ, ಫಿಲ್ಮಿನಲ್ಲಿ ‘ಬ್ಲಾಕ್’ ಎಂದು ಕಾಣುತ್ತದೆ. ಕೆಲವೊಮ್ಮೆ ಲೋಳೆಯ ಸಣ್ಣ ಗಟ್ಟಿಯೂ ಹೀಗೆ ಮಾಡುತ್ತದೆ.

ಗರ್ಭಕೋಶದ ಪಕ್ಕದಲ್ಲೇ ಬ್ಲಾಕ್ ಕಂಡ ಮಹಿಳೆಯರಿಗೆ ಒಂದು ತಿಂಗಳ ನಂತರ ಮತ್ತೆ ಎಚ್‌ಎಸ್‌ಜಿ ಮಾಡಿದ ಅಧ್ಯಯನವೊಂದರಲ್ಲಿ ಶೇ 60ರಷ್ಟು ಮಂದಿಯ ನಾಳ ತೆರೆದೇ ಇತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 1995ರ ವಿಶ್ಲೇಷಣೆಯ ಪ್ರಕಾರ, ನಾಳ ಸರಿ ಇರುವ 100 ಮಂದಿಯಲ್ಲಿ 17 ಮಂದಿಗೆ ಈ ಪರೀಕ್ಷೆ ಬ್ಲಾಕ್ ಎಂದು ತೋರಿಸಬಹುದು. ನಿಜವಾಗಿ ಮುಚ್ಚಿರುವ 100 ಮಂದಿಯಲ್ಲಿ ಸುಮಾರು 35 ಮಂದಿಯದು ಗೊತ್ತಾಗದೆ ಹೋಗಬಹುದು. ಪರೀಕ್ಷೆ ಉಪಯೋಗಕ್ಕಿಲ್ಲ ಎಂದಲ್ಲ. ಅದು ಮೊದಲ ಜರಡಿ, ಕೊನೆಯ ತೀರ್ಪಲ್ಲ.

ಇನ್ನೊಂದು ವಿಧಾನ ಸೋನೋಗ್ರಫಿಯ ಜೊತೆಗೆ ಸಲೈನ್ ಅಥವಾ ನೊರೆ ಬಿಟ್ಟು ನೋಡುವುದು. ಮುಂಬೈಯಲ್ಲಿ ಇದನ್ನು ಎಸ್‌ಎಸ್‌ಜಿ ಎಂದೇ ಹೆಚ್ಚಾಗಿ ಕರೆಯುತ್ತಾರೆ. ಎಕ್ಸ್‌ರೇ ಇಲ್ಲ, ನೋವು ಕಡಿಮೆ. ಮಾಡುವವರ ಕೈಚಳಕದ ಮೇಲೆ ಫಲಿತಾಂಶ ನಿಂತಿದೆ.

ಅನುಮಾನ ಉಳಿದರೆ ಲ್ಯಾಪರೊಸ್ಕೋಪಿ. ಹೊಕ್ಕುಳ ಬಳಿ ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ, ಕೆಳಗಿನಿಂದ ನೀಲಿ ಬಣ್ಣ ಬಿಟ್ಟು, ಅದು ನಾಳದ ತುದಿಯಿಂದ ಹೊರಬರುತ್ತದೆಯೇ ಎಂದು ಕಣ್ಣಾರೆ ನೋಡುತ್ತಾರೆ. ಸುತ್ತಲಿನ ಅಂಟುಗಳು, ಎಂಡೊಮೆಟ್ರಿಯೋಸಿಸ್, ಕ್ಷಯದ ಸಣ್ಣ ಗಂಟುಗಳು ಇದರಲ್ಲೇ ಕಾಣುವುದು. ಅರಿವಳಿಕೆ ಬೇಕು, ಖರ್ಚೂ ಹೆಚ್ಚು, ಎಲ್ಲರಿಗೂ ಬೇಕಾಗಿಲ್ಲ. ನಿಮಗೆ 38 ದಾಟಿ, ಗಂಡನ ವೀರ್ಯಾಣು ಎಣಿಕೆಯೂ ತೀರಾ ಕಡಿಮೆಯಿದ್ದರೆ, ನಾಳದ ತನಿಖೆಯಲ್ಲಿ ಆರು ತಿಂಗಳು ಕಳೆಯುವುದಕ್ಕಿಂತ ನೇರ ಐವಿಎಫ್ ಜಾಣತನ. 27ರ ವಯಸ್ಸಿನಲ್ಲಿ, ಬೇರೆಲ್ಲ ಸರಿಯಿದ್ದು, ಒಂದೇ ಒಂದು ಎಚ್‌ಎಸ್‌ಜಿ ಕೈಯಲ್ಲಿದ್ದರೆ ಹಾಗಲ್ಲ.

ಒಂದು ನಾಳ ಮಾತ್ರ ಮುಚ್ಚಿದ್ದರೆ ಹೆದರಬೇಕಾದ್ದು ಕಡಿಮೆ. ಒಂದು ಕಡೆಯ ಅಂಡಾಶಯದಿಂದ ಹೊರಬಂದ ಅಂಡವನ್ನು ಇನ್ನೊಂದು ಕಡೆಯ ನಾಳ ಹಿಡಿದುಕೊಳ್ಳುವುದೂ ಉಂಟು.

ಎಲ್ಲಿ ಮುಚ್ಚಿದೆ?

ಗರ್ಭಕೋಶದ ಬದಿಯಲ್ಲಿ ನಿಜವಾಗಿಯೇ ಮುಚ್ಚಿದ್ದರೆ, ಕೂದಲೆಳೆಯಂಥ ತಂತಿಯನ್ನು ಒಳಗಿನಿಂದ ತೂರಿಸಿ ತೆರೆಯುವ ಪ್ರಯತ್ನ ಮಾಡಬಹುದು. ಇದಕ್ಕೆ ಕ್ಯಾನುಲೇಷನ್ ಎನ್ನುತ್ತಾರೆ. ಸುಮಾರು ಶೇ 85ರಷ್ಟು ನಾಳಗಳು ತೆರೆಯುತ್ತವೆ. ಆದರೆ ಅವುಗಳಲ್ಲಿ ಮೂರನೇ ಒಂದು ಭಾಗದಷ್ಟು ಮತ್ತೆ ಮುಚ್ಚಿಕೊಳ್ಳುತ್ತವೆ. ಹಾಗಾಗಿ ತೆರೆದ ಮೇಲಿನ ಮೊದಲ ಕೆಲವು ತಿಂಗಳು ಅಮೂಲ್ಯ, ಆ ಸಮಯದಲ್ಲಿ ಗಂಡ ಊರಿಗೆ ಹೋಗಿ ಕೂರುವಂತಾಗಬಾರದು. ಕ್ಷಯದಿಂದ ಮುಚ್ಚಿದ ನಾಳಕ್ಕೆ ಈ ಉಪಾಯ ನಡೆಯುವುದಿಲ್ಲ.

ಅಂಡಾಶಯದ ತುದಿಯಲ್ಲಿ ಮುಚ್ಚಿದ್ದರೆ ಕಥೆ ಬೇರೆ. ದ್ರವ ಹೊರಹೋಗಲಾಗದೆ ನಾಳ ಬಲೂನಿನಂತೆ ಉಬ್ಬುತ್ತದೆ. ವರದಿಯಲ್ಲಿ ‘ಹೈಡ್ರೋಸಾಲ್ಪಿಂಕ್ಸ್’ ಎಂದು ಬರೆದಿರುತ್ತಾರೆ. ಈ ಪದ ನಿಮ್ಮ ಕಾಗದದಲ್ಲಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಿ. ಆ ದ್ರವ ಹಿಂದಕ್ಕೆ ಗರ್ಭಕೋಶಕ್ಕೆ ಸೋರಿ, ಐವಿಎಫ್‌ನಲ್ಲಿ ಇಟ್ಟ ಭ್ರೂಣ ನಿಲ್ಲದಂತೆ ಮಾಡುತ್ತದೆ. ಇದನ್ನು ಹಾಗೆಯೇ ಬಿಟ್ಟು ಐವಿಎಫ್ ಮಾಡಿದರೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೊದಲು ಲ್ಯಾಪರೊಸ್ಕೋಪಿಯಲ್ಲಿ ಆ ನಾಳವನ್ನು ತೆಗೆದು ಅಥವಾ ಗರ್ಭಕೋಶದ ಬದಿಯಲ್ಲಿ ಕ್ಲಿಪ್ ಹಾಕಿ, ಆಮೇಲೆ ಭ್ರೂಣ ಇಡುವುದು ಈಗ ಜಗತ್ತಿನಾದ್ಯಂತ ಒಪ್ಪಿದ ಕ್ರಮ. ‘ಹೈಡ್ರೋ ಇದೆ, ಪರವಾಗಿಲ್ಲ, ಒಂದು ಸಲ ಪ್ರಯತ್ನಿಸೋಣ’ ಎಂದು ಯಾರಾದರೂ ಹೇಳಿದರೆ ಎರಡನೇ ವೈದ್ಯರ ಅಭಿಪ್ರಾಯ ಕೇಳಿ.

ನಾಳ ತೆಗೆಯುವುದು ಎಂದಾಗ ಅತ್ತೆ, ಅಮ್ಮ ಇಬ್ಬರೂ ಗಾಬರಿಯಾಗುತ್ತಾರೆ. ಅಂಡಾಶಯ ಅಲ್ಲೇ ಇರುತ್ತದೆ, ಮುಟ್ಟು ನಿಲ್ಲುವುದಿಲ್ಲ, ಹಾರ್ಮೋನಿಗೂ ನಾಳಕ್ಕೂ ಸಂಬಂಧವಿಲ್ಲ ಎಂದು ಅವರಿಗೆ ವೈದ್ಯರ ಬಾಯಿಂದಲೇ ಹೇಳಿಸಿ. ಚಿಕ್ಕ ವಯಸ್ಸಿನವರಲ್ಲಿ, ಒಳಗೋಡೆ ಚೆನ್ನಾಗಿದ್ದರೆ, ತುದಿಯನ್ನು ಬಿಡಿಸಿ ಉಳಿಸುವ ಶಸ್ತ್ರಚಿಕಿತ್ಸೆಯೂ ಇದೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆಮೇಲೆ ಮಗುವನ್ನು ಕಳೆದುಕೊಂಡವರದು ಬೇರೆಯದೇ ನೋವು. 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬೈಗೆ ಕೂಲಿಗೆ ಬಂದ ಕುಟುಂಬಗಳಲ್ಲೂ ಇಂಥವರಿದ್ದಾರೆ. ಕತ್ತರಿಸಿದ ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಆಗುತ್ತದೆ. ರಿಂಗ್ ಅಥವಾ ಕ್ಲಿಪ್ ಹಾಕಿದ್ದರೆ, ವಯಸ್ಸು ಕಡಿಮೆಯಿದ್ದರೆ ಫಲ ಚೆನ್ನಾಗಿರುತ್ತದೆ. ಆಗ ಮಾಡಿದ ಶಸ್ತ್ರಚಿಕಿತ್ಸೆಯ ಕಾಗದ ಊರಿನಲ್ಲಿದ್ದರೆ ತರಿಸಿಕೊಳ್ಳಿ.

ಯಾಕೆ ಮುಚ್ಚಿತು? ಕ್ಷಯದ ಪ್ರಶ್ನೆ

ಪಾಶ್ಚಾತ್ಯ ದೇಶಗಳ ಲೇಖನ ಓದಿದರೆ ಮೊದಲ ಕಾರಣವಾಗಿ ಕ್ಲಮಿಡಿಯ ಎಂಬ ಲೈಂಗಿಕ ಸೋಂಕು ಕಾಣುತ್ತದೆ. ಅದು ಇಲ್ಲಿಯೂ ಇದೆ. ಗರ್ಭಪಾತದ ಅಥವಾ ಹೆರಿಗೆಯ ನಂತರದ ನಂಜು, ಒಡೆದ ಅಪೆಂಡಿಕ್ಸ್, ಎಂಡೊಮೆಟ್ರಿಯೋಸಿಸ್ ಕೂಡ ಇವೆ. ಆದರೆ ಮುಂಬೈಯಲ್ಲಿ ಕುಳಿತು ಈ ವಿಷಯ ಬರೆಯುವಾಗ ಕ್ಷಯವನ್ನು ಪಕ್ಕಕ್ಕಿಡಲು ಆಗುವುದಿಲ್ಲ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಮುಂಬೈ ನಗರವೊಂದರಲ್ಲೇ ವರ್ಷಕ್ಕೆ ಸುಮಾರು 60 ಸಾವಿರ ಪ್ರಕರಣಗಳು ದಾಖಲಾಗುತ್ತವೆ. ಗಾಳಿ ಬೆಳಕಿಲ್ಲದ ಚಾಳು, ತುಂಬಿದ ಲೋಕಲ್, ಹೊಟೇಲಿನ ಮೇಲಂತಸ್ತಿನಲ್ಲಿ ಹತ್ತು ಜನ ಮಲಗುವ ಕೋಣೆ ಇವೆಲ್ಲ ನಮಗೆ ಗೊತ್ತಿರುವುದೇ.

ಕ್ಷಯದ ರೋಗಾಣು ಶ್ವಾಸಕೋಶದಿಂದ ರಕ್ತದ ಮೂಲಕ ನಾಳಗಳಿಗೆ ಬರುತ್ತದೆ. ಇದು ಶೀಲದ ಪ್ರಶ್ನೆಯಲ್ಲ. ಸೊಸೆಯನ್ನು ಅನುಮಾನದಿಂದ ನೋಡುವ ಮನೆಗಳಿರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ. ಜನನಾಂಗದ ಕ್ಷಯ ಇರುವ ಮಹಿಳೆಯರಲ್ಲಿ ಶೇ 90ಕ್ಕಿಂತ ಹೆಚ್ಚು ಮಂದಿಗೆ ನಾಳಗಳಿಗೇ ಏಟು ಬಿದ್ದಿರುತ್ತದೆ, ಸುಮಾರು ಅರ್ಧದಷ್ಟು ಮಂದಿಗೆ ಗರ್ಭಕೋಶದ ಒಳಪದರಕ್ಕೂ ತಗಲಿರುತ್ತದೆ. ಕೆಮ್ಮು, ಜ್ವರ ಇರಲೇಬೇಕೆಂದಿಲ್ಲ. ಮುಟ್ಟಿನ ರಕ್ತ ಕಡಿಮೆಯಾಗುತ್ತಾ ಬರುವುದು, ಕಿಬ್ಬೊಟ್ಟೆಯಲ್ಲಿ ಸದಾ ಮಂದ ನೋವು, ಇಷ್ಟೇ ಇರಬಹುದು. ಅನೇಕರಿಗೆ ಮಗು ಆಗದಿರುವುದೊಂದೇ ಲಕ್ಷಣ.

ಹೊರರೋಗಿ ವಿಭಾಗದಲ್ಲಿ ವೈದ್ಯರು ‘ಮೊದಲು ಟಿಬಿ ಆಗಿತ್ತಾ?’ ಎಂದು ಕೇಳುವಾಗ ಪಕ್ಕದಲ್ಲಿ ಅತ್ತೆಯೋ ನಾದಿನಿಯೋ ನಿಂತಿರುತ್ತಾರೆ. ಮದುವೆಗೆ ಮುಂಚೆ ಆರು ತಿಂಗಳು ಮಾತ್ರೆ ತಿಂದದ್ದನ್ನು ತವರಿನವರು ಮುಚ್ಚಿಟ್ಟಿರುತ್ತಾರೆ. ‘ಇಲ್ಲ’ ಎಂಬ ಉತ್ತರ ಕೇಸ್ ಪೇಪರಿನಲ್ಲಿ ದಾಖಲಾಗುತ್ತದೆ, ಇಡೀ ತನಿಖೆ ದಾರಿ ತಪ್ಪುತ್ತದೆ. ವೈದ್ಯರ ಜೊತೆ ಒಬ್ಬರೇ ಮಾತನಾಡಬೇಕು ಎಂದು ಕೇಳುವುದು ನಿಮ್ಮ ಹಕ್ಕು. ಜೊತೆಯಲ್ಲಿ ಬಂದವರು ಇದನ್ನು ಓದುತ್ತಿದ್ದರೆ, ಆ ಐದು ನಿಮಿಷ ನೀವಾಗಿಯೇ ಹೊರಗೆ ಹೋಗಿ ನಿಲ್ಲಿ.

ಪತ್ತೆ ಸುಲಭವಲ್ಲ. ಎಚ್‌ಎಸ್‌ಜಿಯಲ್ಲಿ ನಾಳ ಮಣಿಸರದಂತೆ ಅಥವಾ ಗಟ್ಟಿ ಕೊಳವೆಯಂತೆ ಕಂಡರೆ ಅನುಮಾನ ಬರುತ್ತದೆ. ಸಕ್ರಿಯ ಕ್ಷಯದ ಅನುಮಾನ ಬಲವಾಗಿದ್ದರೆ, ಸೋಂಕು ಕೆರಳಬಹುದೆಂದು ಅನೇಕ ವೈದ್ಯರು ಎಚ್‌ಎಸ್‌ಜಿಯನ್ನೇ ಮಾಡುವುದಿಲ್ಲ. ಖಚಿತಪಡಿಸಲು ಗರ್ಭಕೋಶದ ಒಳಪದರದ ತುಣುಕನ್ನು ಮುಟ್ಟಿಗೆ ಸ್ವಲ್ಪ ಮೊದಲು ತೆಗೆದು ಪರೀಕ್ಷಿಸುತ್ತಾರೆ. ಇಲ್ಲೊಂದು ಸಣ್ಣ ವಿವರ ದೊಡ್ಡ ವ್ಯತ್ಯಾಸ ಮಾಡುತ್ತದೆ. ತುಣುಕನ್ನು ಫಾರ್ಮಲಿನ್ ದ್ರಾವಣದಲ್ಲಿ ಹಾಕಿದರೆ ರೋಗಾಣು ಸಾಯುತ್ತದೆ, ಆಮೇಲೆ ಕಲ್ಚರ್ ಮಾಡಲಾಗದು. ಸೂಕ್ಷ್ಮದರ್ಶಕದ ಪರೀಕ್ಷೆಗೆ ಒಂದು ಭಾಗ ಫಾರ್ಮಲಿನ್‌ನಲ್ಲಿ, ಕಲ್ಚರ್ ಮತ್ತು ಸಿಬಿನ್ಯಾಟ್‌ಗೆ ಇನ್ನೊಂದು ಭಾಗ ಸಲೈನ್‌ನಲ್ಲಿ ಹೋಗಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಸ್ಯಾಂಪಲ್ ಬಾಟಲಿಯನ್ನು ಪ್ರಯೋಗಾಲಯಕ್ಕೆ ಹೊತ್ತುಕೊಂಡು ಹೋಗುವುದು ಬಹಳ ಸಲ ರೋಗಿಯ ಗಂಡನೇ. ಬಾಟಲಿ ಒಂದೇ ಇದ್ದರೆ ಅಲ್ಲೇ ಕೇಳಿ: ‘ಕಲ್ಚರಿಗೆ ಬೇರೆ ಇದೆಯಾ?’

ರಕ್ತ ಪರೀಕ್ಷೆಯಿಂದ ‘ಟ್ಯೂಬಿನ ಟಿಬಿ’ ಹೇಳುತ್ತೇವೆ ಎನ್ನುವವರನ್ನು ನಂಬಬೇಡಿ. ರಕ್ತದಲ್ಲಿ ಪ್ರತಿಕಾಯ ನೋಡಿ ಕ್ಷಯ ಹೇಳುವ ಕಿಟ್‌ಗಳನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಮಾಂಟೂ ಮತ್ತು ಇಗ್ರಾ ಪರೀಕ್ಷೆಗಳು ಸೋಂಕು ಎಂದೋ ತಗಲಿದೆ ಎಂದು ಹೇಳುತ್ತವೆಯೇ ಹೊರತು ಈಗ ಕಾಯಿಲೆ ಇದೆ ಎಂದಲ್ಲ. ನಮ್ಮ ದೇಶದ ದೊಡ್ಡವರಲ್ಲಿ ಬಹಳ ಮಂದಿಗೆ ಅವು ಪಾಸಿಟಿವ್ ಬರುತ್ತವೆ. ಪಿಸಿಆರ್ ಒಂದೇ ಪಾಸಿಟಿವ್ ಬಂದು, ಬೇರೆ ಯಾವ ಸುಳಿವೂ ಇಲ್ಲದಿದ್ದರೆ ಮಾತ್ರೆ ಶುರು ಮಾಡಬೇಕೇ ಎಂಬ ಬಗ್ಗೆ ವೈದ್ಯರಲ್ಲೇ ವಾದವಿದೆ. ಅದೊಂದನ್ನೇ ನೆಚ್ಚಿ ಎಲ್ಲರಿಗೂ ಆರು ತಿಂಗಳ ಮಾತ್ರೆ ಕೊಡುವ ರೂಢಿ ನಮ್ಮ ಅಭಿಪ್ರಾಯದಲ್ಲಿ ಸರಿಯಲ್ಲ. ಲಿವರಿಗೆ ಪೆಟ್ಟು ಬೀಳಬಹುದು, 36ರ ಮಹಿಳೆಗೆ ಆರು ತಿಂಗಳ ಸಮಯವೂ ಕಡಿಮೆಯಲ್ಲ.

ಖಚಿತವಾದ ಮೇಲೆ ಚಿಕಿತ್ಸೆ ಸ್ಪಷ್ಟ: ಎರಡು ತಿಂಗಳು ನಾಲ್ಕು ಔಷಧ, ನಂತರ ನಾಲ್ಕು ತಿಂಗಳು ಮೂರು ಔಷಧ. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಇವೆಲ್ಲ ಉಚಿತ, ನಿಮ್ಮ ವಾರ್ಡಿನ ಪಾಲಿಕೆ ದವಾಖಾನೆಯಲ್ಲೇ ಸಿಗುತ್ತವೆ. ಖಾಸಗಿ ವೈದ್ಯರು ಪತ್ತೆ ಮಾಡಿದ್ದರೂ ಅಲ್ಲಿಂದ ಪಡೆಯಬಹುದು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಆಹಾರಕ್ಕೆಂದು ಖಾತೆಗೆ ಬರುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಸಹಾಯವಾಣಿ 1800 11 6666. ಔಷಧಕ್ಕೆ ಜಗ್ಗದ ಕ್ಷಯ ಮುಂಬೈಯಲ್ಲಿ ಹೆಚ್ಚು. ಸಿಬಿನ್ಯಾಟ್ ಮುಖ್ಯ ಔಷಧವಾದ ರಿಫಾಂಪಿಸಿನ್ ನಾಟುತ್ತದೆಯೇ ಎಂದೂ ಹೇಳುವುದರಿಂದ ಅದನ್ನು ತಪ್ಪಿಸಬೇಡಿ. ಮಾತ್ರೆ ಮುಗಿಯುವವರೆಗೆ ಗರ್ಭ ಮುಂದೂಡಲು ಸಾಮಾನ್ಯವಾಗಿ ಹೇಳುತ್ತಾರೆ. ರಿಫಾಂಪಿಸಿನ್ ತಿನ್ನುವಾಗ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಕಾಂಡೋಮ್ ಬಳಸಿ.

ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಆಗಲೇ ಕಲೆಗಟ್ಟಿ ಮುಚ್ಚಿದ ನಾಳವನ್ನು ತೆರೆಯುವುದಿಲ್ಲ. ಬೇಗ ಸಿಕ್ಕಿದರೆ ನಾಳ ಉಳಿಯಬಹುದು. ತಡವಾಗಿದ್ದರೆ, ಗರ್ಭಕೋಶದ ಒಳಪದರ ಚೆನ್ನಾಗಿ ಉಳಿದಿರುವ ತನಕ ಐವಿಎಫ್‌ನಿಂದ ತಾಯಿಯಾಗುವ ದಾರಿ ತೆರೆದೇ ಇದೆ. ಕ್ಷಯವಿದೆಯೇ ಎಂದು ನೋಡದೆ ಎರಡು ಮೂರು ಸುತ್ತು ಐವಿಎಫ್ ಮಾಡಿಸಿ, ಪ್ರತಿ ಸಲವೂ ಭ್ರೂಣ ನಿಲ್ಲದೆ ಹೋದ ಮೇಲೆ ಒಳಪದರ ತೆಳುವಾಗಿದೆ ಎಂದು ಗೊತ್ತಾಗುವುದು ಎಲ್ಲಕ್ಕಿಂತ ದುಬಾರಿ.

‘ಟ್ಯೂಬ್ ತೊಳೆಯುವುದು’

ನರ್ಸಿಂಗ್ ಹೋಮುಗಳಲ್ಲಿ ತಿಂಗಳು ತಿಂಗಳು ಔಷಧದ ನೀರು ಬಿಟ್ಟು ನಾಳ ತೊಳೆಯುತ್ತೇವೆ ಎನ್ನುವ ಕ್ರಮ ಇನ್ನೂ ಅಲ್ಲಲ್ಲಿ ಇದೆ. ಮುಚ್ಚಿದ ನಾಳ ಇದರಿಂದ ತೆರೆಯುತ್ತದೆ ಎನ್ನಲು ಒಳ್ಳೆಯ ಪುರಾವೆ ಇಲ್ಲ, ಸೋಂಕಿನ ಅಪಾಯ ಇದೆ. ಎಚ್‌ಎಸ್‌ಜಿ ಆದ ಮೇಲೆ ಕೆಲವರಿಗೆ ತಾನಾಗಿ ಗರ್ಭ ನಿಲ್ಲುವುದು ನಿಜ. ನೆದರ್ಲೆಂಡ್ಸ್‌ನಲ್ಲಿ 1,119 ಮಹಿಳೆಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಣ್ಣೆ ಆಧಾರಿತ ಬಣ್ಣ ಬಳಸಿದವರಲ್ಲಿ ಶೇ 39.7, ನೀರಿನ ಬಣ್ಣ ಬಳಸಿದವರಲ್ಲಿ ಶೇ 29.1ರಷ್ಟು ಮಂದಿಗೆ ಗರ್ಭ ನಿಂತಿತು. ಆದರೆ ಅವರೆಲ್ಲ ನಾಳದ ಕಾಯಿಲೆಯ ಸಾಧ್ಯತೆ ಕಡಿಮೆ ಇದ್ದವರು. ನಿಮ್ಮ ಹೈಡ್ರೋಸಾಲ್ಪಿಂಕ್ಸ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಕಷಾಯ, ಮಸಾಜ್, ಜಾಹೀರಾತಿನ ಕಿಟ್‌ಗಳ ಬಗ್ಗೆಯೂ ಇದೇ ಮಾತು.

ಎಲ್ಲಿಗೆ ಹೋಗುವುದು?

ಐವಿಎಫ್ ಹುಟ್ಟಿದ್ದೇ ಮುಚ್ಚಿದ ನಾಳಕ್ಕಾಗಿ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಅವರ ತಾಯಿಗೆ ಇದ್ದ ತೊಂದರೆ ಇದೇ. ಮುಂಬೈಯಲ್ಲಿ 1986ರ ಆಗಸ್ಟ್ 6ರಂದು ಹರ್ಷಾ ಚಾವ್ಡಾ ಹುಟ್ಟಿದ್ದು ಯಾವುದೋ ದುಬಾರಿ ಆಸ್ಪತ್ರೆಯಲ್ಲಲ್ಲ, ಪಾಲಿಕೆಯ ಕೆಇಎಂನಲ್ಲಿ. ಡಾ. ಇಂದಿರಾ ಹಿಂದುಜಾ ಮತ್ತು ಪಕ್ಕದ ಐಸಿಎಂಆರ್ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಟಿ. ಸಿ. ಆನಂದ್ ಕುಮಾರ್ ಅವರ ತಂಡಗಳು ಸಾರ್ವಜನಿಕ ಹಣದಲ್ಲಿ ಮಾಡಿದ ಕೆಲಸ ಅದು. ಕೋಲ್ಕತ್ತದಲ್ಲಿ 1978ರಲ್ಲೇ ಡಾ. ಸುಭಾಷ್ ಮುಖರ್ಜಿ ಇದನ್ನು ಸಾಧಿಸಿದ್ದರು ಎಂದು ಮುಂದೆ ಲೋಕಕ್ಕೆ ತಿಳಿಸಿದವರೂ ಆನಂದ್ ಕುಮಾರ್ ಅವರೇ. ಸಾರ್ವಜನಿಕ ಆಸ್ಪತ್ರೆಯಲ್ಲಿ ಶುರುವಾದ ಈ ಚಿಕಿತ್ಸೆ ನಲವತ್ತು ವರ್ಷದೊಳಗೆ ಬಹುತೇಕ ಖಾಸಗಿಯವರ ಕೈಗೆ ಹೋದದ್ದು ಹೇಗೆ ಎಂಬುದನ್ನು ಸರ್ಕಾರಗಳು ಉತ್ತರಿಸಬೇಕು.

ಐವಿಎಫ್‌ವರೆಗಿನ ಹೆಜ್ಜೆಗಳೆಲ್ಲ, ಅಂದರೆ ವೀರ್ಯ ಪರೀಕ್ಷೆ, ಸೋನೋಗ್ರಫಿ, ಎಚ್‌ಎಸ್‌ಜಿ, ಒಳಪದರದ ಪರೀಕ್ಷೆ, ಲ್ಯಾಪರೊಸ್ಕೋಪಿ, ಪರೇಲ್‌ನ ಕೆಇಎಂ, ಸಾಯನ್, ನಾಯರ್, ಜೆಜೆಯಂಥ ದೊಡ್ಡ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗಗಳಲ್ಲಿ ಖಾಸಗಿಯ ಸಣ್ಣ ಭಾಗದ ಖರ್ಚಿನಲ್ಲಿ ಆಗುತ್ತವೆ. ಪರೇಲ್‌ನ ವಾಡಿಯಾ ಹೆರಿಗೆ ಆಸ್ಪತ್ರೆ, ಸಿಎಸ್‌ಎಂಟಿ ಬಳಿಯ ಕಾಮಾ ಆಸ್ಪತ್ರೆಗಳಲ್ಲೂ ಕೇಳಬಹುದು. ಐಸಿಎಂಆರ್ ಸಂಸ್ಥೆಯೂ ಬಂಜೆತನದ ಹೊರರೋಗಿ ಸೇವೆ ನಡೆಸುತ್ತದೆ. ಕಷ್ಟವೆಂದರೆ ಸರದಿ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ತೆಗೆಸಬೇಕು, ಲ್ಯಾಪರೊಸ್ಕೋಪಿಯ ತಾರೀಖು ದೂರಕ್ಕೆ ಬೀಳಬಹುದು. ಕೂಲಿ ಬಿಟ್ಟು ಬರುವವರಿಗೆ ಇದೂ ಖರ್ಚೇ. ಆದರೂ ತನಿಖೆ ಅಲ್ಲಿ ಮುಗಿಸಿ, ಬೇಕಾದರೆ ಐವಿಎಫ್ ಮಾತ್ರ ಬೇರೆಡೆ ಮಾಡಿಸುವ ದಾರಿಯೂ ಇದೆ. ಮರಾಠಿ, ಹಿಂದಿ ಸರಿಯಾಗಿ ಬಾರದಿದ್ದರೆ ಮಾತು ತಿಳಿಯುವ ಹೆಂಗಸೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮುಟ್ಟಿನ ವಿವರವನ್ನು ಮೈದುನನ ಮೂಲಕ ಹೇಳಿಸುವುದು ಆಗದ ಕೆಲಸ.

ಖಾಸಗಿ ಕೇಂದ್ರಕ್ಕೆ ಹೋಗುವುದಾದರೆ ಕಾನೂನು ನಿಮ್ಮ ಕಡೆಗಿದೆ. 2022ರ ಜನವರಿಯಿಂದ ಜಾರಿಯಲ್ಲಿರುವ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಪ್ರತಿ ಕೇಂದ್ರವೂ ನೋಂದಣಿ ಹೊಂದಿರಬೇಕು. ಲೆವೆಲ್ 1 ನೋಂದಣಿಯ ಕ್ಲಿನಿಕ್ ಐಯುಐ ಮಾತ್ರ ಮಾಡಬಹುದು, ಐವಿಎಫ್‌ಗೆ ಲೆವೆಲ್ 2 ಬೇಕು. ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವಯಸ್ಸಿನ ಮಿತಿ. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡ ಪರಿಣಾಮ ಎಲ್ಲವನ್ನೂ ಮೊದಲೇ ತಿಳಿಸುವುದು ಕೇಂದ್ರದ ಹೊಣೆ, ದೂರು ಕೇಳುವ ವ್ಯವಸ್ಥೆಯೂ ಅಲ್ಲಿರಬೇಕು. ‘ಶೇ 70 ಸಕ್ಸೆಸ್’ ಎಂದರೆ ಯಾವುದರ ಲೆಕ್ಕ ಎಂದು ಕೇಳಿ. ಗರ್ಭ ಪರೀಕ್ಷೆ ಪಾಸಿಟಿವ್ ಬಂದದ್ದೋ, ಮಗು ಕೈಗೆ ಬಂದದ್ದೋ? ಶುರು ಮಾಡಿದ ಪ್ರತಿ ಸುತ್ತಿಗೆ ಲೆಕ್ಕ ಹಾಕಿದರೆ 35ರೊಳಗಿನವರಲ್ಲೂ ಮಗು ಕೈಗೆ ಬರುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ.

ಮೂಲ ಎಚ್‌ಎಸ್‌ಜಿ ಫಿಲ್ಮ್‌ಗಳನ್ನು ಯಾವ ಕೇಂದ್ರದಲ್ಲೂ ಬಿಟ್ಟು ಬರಬೇಡಿ. ಎರಡನೇ ವೈದ್ಯರು ನೋಡಬೇಕಾದದ್ದು ವರದಿಯ ಸಾಲನ್ನಲ್ಲ, ಫಿಲ್ಮನ್ನು.

ಗರ್ಭ ನಿಂತ ಮೇಲೆ ಒಂದು ಎಚ್ಚರ

ನಾಳಕ್ಕೆ ಎಂದಾದರೂ ತೊಂದರೆ ಆಗಿದ್ದರೆ, ಶಸ್ತ್ರಚಿಕಿತ್ಸೆ ಆಗಿದ್ದರೆ, ಐವಿಎಫ್ ಮಾಡಿಸಿದ್ದರೂ ಸಹ, ಗರ್ಭ ನಾಳದಲ್ಲೇ ಬೆಳೆಯುವ ಅಪಾಯ ಬೇರೆಯವರಿಗಿಂತ ಹೆಚ್ಚು. ಮುಟ್ಟು ತಪ್ಪಿ ಪರೀಕ್ಷೆ ಪಾಸಿಟಿವ್ ಬಂದರೆ ಆರನೇ ವಾರದ ಹೊತ್ತಿಗೆ ಸೋನೋಗ್ರಫಿ ಮಾಡಿಸಿ, ಗರ್ಭ ಗರ್ಭಕೋಶದೊಳಗೇ ಇದೆಯೇ ಎಂದು ನೋಡಿಸಿಕೊಳ್ಳಿ. ಹೊಟ್ಟೆಯ ಒಂದೇ ಬದಿಯಲ್ಲಿ ಜೋರು ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು, ಸ್ವಲ್ಪ ರಕ್ತ, ಇವುಗಳಲ್ಲಿ ಯಾವುದೇ ಕಂಡರೂ ಮರುದಿನದ ಒಪಿಡಿಗೆ ಕಾಯಬೇಡಿ. ರಾತ್ರಿಯಾಗಿದ್ದರೂ 108ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಷುವಲ್ಟಿಗೆ ಹೋಗಿ, ಬಾಗಿಲಲ್ಲೇ ಹೇಳಿ: ಗರ್ಭಿಣಿ, ಟ್ಯೂಬಿನ ತೊಂದರೆ ಮೊದಲೇ ಇದೆ.